ಹಳೆಯ ಬ್ಯಾಕಪ್ ತೆಗೆಯಿರಿ

2001ರಲ್ಲಿ ನಾನು ಶಿರಸಿಯ ಒಂದು ಕಂಪ್ಯೂಟರ್ ಮಾರಾಟ ಮತ್ತು ದುರಸ್ತಿ ಕೇಂದ್ರದಲ್ಲಿ ಸರ್ವಿಸ್ ಇನ್‌ಚಾರ್ಜ್ ಆಗಿದ್ದೆ. ಹುದ್ದೆಯ ಹೆಸರೇನೋ ದೊಡ್ಡದು. ಕೆಲಸವೆಂದರೆ ಹೆಗಲಿಗೊಂದು ಚೀಲ, ಚೀಲದಲ್ಲಿ ಸ್ಕ್ರೂಡ್ರೈವರ್, ಕೇಬಲ್ಲು, ಒಂದಿಷ್ಟು ಸಿ.ಡಿ., ಆಮೇಲೆ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಕಾಯುವ ತಾಳ್ಮೆ. ಈ ಕೊನೆಯದೊಂದು ನನ್ನ ಹತ್ತಿರ ಸ್ವಲ್ಪ ಕಮ್ಮಿ. ‘ನಮ್ಮ ವಿಶಾಲಾಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಆದರೆ ಕೈ ಒಳ್ಳೆಯದು’ ಎಂದು ನಮ್ಮ ಮಾಲೀಕರಾದ ಪ್ರಭಾಕರಣ್ಣ ಗಿರಾಕಿಗಳ ಎದುರಿಗೇ ಹೇಳುತ್ತಿದ್ದರು. ಮೊದಮೊದಲು ಯಾವ ಕಚೇರಿಗೆ ಹೋದರೂ ಅಲ್ಲಿಯವರು ನನ್ನ ಬೆನ್ನ ಹಿಂದೆ ಇಣುಕಿ, ರಿಪೇರಿಯವರು ಎಲ್ಲಿ ಎಂದು ಕೇಳುವುದಿತ್ತು. ನಾನೇ ರಿಪೇರಿಯವಳು ಎಂದು ಹೇಳಿ ಹೇಳಿ ಸಾಕಾಗಿ, ಕಡೆಗೆ ಮಾತಾಡದೆ ಹೋಗಿ ಕಂಪ್ಯೂಟರಿನ ಬೆನ್ನು ಬಿಚ್ಚಿಬಿಡುತ್ತಿದ್ದೆ. ಆಮೇಲೆ ಯಾರೂ ಕೇಳುತ್ತಿರಲಿಲ್ಲ.

ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರು ತಾಲೂಕು ನನ್ನ ಸುಪರ್ದಿಗೆ. ಆ ಕಾಲದಲ್ಲಿ ಕಂಪ್ಯೂಟರ್ ಇಟ್ಟವರೆಲ್ಲ ಹೆಚ್ಚುಕಡಿಮೆ ನನಗೆ ಮುಖಪರಿಚಯದವರೇ. ಅವರಿಗೆ ವೈರಸ್ಸಿಗಿಂತ ಹೆದರಿಕೆ ಸಿಡಿಲಿನದು. ಮೇ ತಿಂಗಳ ಗುಡುಗು ಶುರುವಾಯಿತೆಂದರೆ ಸಿಡಿಲು ಟೆಲಿಫೋನ್ ತಂತಿ ಹಿಡಿದು ಒಳಗೆ ಬಂದು, ಮೊದಲು ಮೋಡೆಮ್ ಸುಟ್ಟು, ಹಾಗೆಯೇ ಮದರ್‌ಬೋರ್ಡಿಗೂ ಹಾರ್ಡ್‌ಡಿಸ್ಕಿಗೂ ಕೈ ಹಾಕುತ್ತಿತ್ತು. ಯಂತ್ರ ಹೋದರೆ ಮತ್ತೊಂದು ತರಬಹುದು. ಒಳಗೆ ತುಂಬಿಟ್ಟ ಮಾಹಿತಿ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಅದಕ್ಕೇ ಬ್ಯಾಕಪ್ ಸಾಫ್ಟ್‌ವೇರ್. ತಿಳಿಯದವರಿಗಾಗಿ ಒಂದೆರಡು ಮಾತು ಹೇಳುತ್ತೇನೆ. ಕಂಪ್ಯೂಟರಿನಲ್ಲಿರುವ ಮಾಹಿತಿಯ ನಕಲನ್ನು ಬೇರೊಂದು ಡಿಸ್ಕಿನಲ್ಲೋ ಸಿ.ಡಿ.ಯಲ್ಲೋ ಇಟ್ಟುಕೊಳ್ಳುವುದು ಬ್ಯಾಕಪ್. ಮೂಲ ಹಾಳಾದ ದಿನ ಆ ನಕಲಿನಿಂದ ಎಲ್ಲವನ್ನೂ ಮತ್ತೆ ತಂದುಕೊಳ್ಳುವುದು ರಿಸ್ಟೋರ್. ಮೊದಲನೆಯದನ್ನು ಎಲ್ಲರೂ ಆಗಾಗ ಮಾಡುತ್ತಾರೆ. ಎರಡನೆಯದನ್ನು ಮಾಡುವ ಪ್ರಸಂಗ ಬರುವುದು ಯಾವಾಗಲೋ ಒಮ್ಮೆ, ಅದೂ ಕೈಕಾಲು ನಡುಗುತ್ತಿರುವ ಹೊತ್ತಿನಲ್ಲಿ. ಆಗ ಮನುಷ್ಯನಿಗೆ ಆಧಾರವಾಗಬೇಕಾದದ್ದು ಪಕ್ಕದಲ್ಲಿರುವ ಪುಸ್ತಕ, ಅಂದರೆ ಮ್ಯಾನ್ಯುಯಲ್. ನಾನು ಹೇಳಹೊರಟಿರುವುದು ಅಂಥ ಒಂದು ಪುಸ್ತಕದ ಕಥೆ.

ಆ ವರ್ಷದ ಆರಂಭದಲ್ಲಿ ಪ್ರಭಾಕರಣ್ಣ ದೂರದ ಊರಿನ ಒಂದು ಕಂಪನಿಯ ಬ್ಯಾಕಪ್ ಸಾಫ್ಟ್‌ವೇರ್ ಮಾರಲು ಹಿಡಿದರು. ಕಂಪನಿಯ ಹೆಸರು ಬೇಡ, ಈಗ ಅದು ಉಳಿದೂ ಇಲ್ಲ. ಸಾಫ್ಟ್‌ವೇರ್ ಚೆನ್ನಾಗಿತ್ತು, ಅದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ‘ಕನ್ನಡದಲ್ಲಿ ಕೈಪಿಡಿ ಕೊಡುತ್ತೇವೆ’ ಎಂದು ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿ ಹಾಕಿದ್ದರು. ನಮ್ಮ ಕಡೆ ಅದು ಖರ್ಚಾಗಿದ್ದೇ ಆ ಒಂದು ಮಾತಿಗೆ. ಆದರೆ ಸಿ.ಡಿ. ಬಂತು, ಕೈಪಿಡಿ ಬರಲಿಲ್ಲ. ಫೋನ್ ಮಾಡಿದರೆ ಅಚ್ಚಿಗೆ ಹೋಗಿದೆ ಅನ್ನುತ್ತಿದ್ದರು. ಇನ್ನೊಮ್ಮೆ ಮಾಡಿದರೆ ಕರಡು ತಿದ್ದುತ್ತಿದ್ದೇವೆ ಅನ್ನುತ್ತಿದ್ದರು. ಅಚ್ಚಿಗೆ ಹೋದ ಮೇಲೆ ಕರಡು ತಿದ್ದುವುದು ಯಾವ ಸೀಮೆಯ ಪದ್ಧತಿ ಎಂದು ನಾನು ಕೇಳಿದೆ. ಅವರು ಫೋನ್ ಇಟ್ಟರು. ಅಷ್ಟರವರೆಗೆ ನಾನೇ ಕಚೇರಿ ಕಚೇರಿ ತಿರುಗಿ ಬಾಯಲ್ಲಿ ಹೇಳಿಕೊಟ್ಟೆ. ಬ್ಯಾಕಪ್ ಮಾಡುವುದನ್ನು ಎಲ್ಲರೂ ಕಲಿತರು. ರಿಸ್ಟೋರ್ ಮಾಡುವುದನ್ನು ಪುಸ್ತಕ ಬಂದ ಮೇಲೆ ನೋಡಿಕೊಳ್ಳೋಣ ಎಂದು ಎಲ್ಲರೂ ಮುಂದೆ ಹಾಕಿದರು.

ಪುಸ್ತಕ ಬಂದದ್ದು ಬೇಸಿಗೆ ಏರಿದ ಮೇಲೆ. ಇಂಗ್ಲಿಷಿನದು ದಪ್ಪ, ಕನ್ನಡದ್ದು ತೆಳ್ಳಗೆ. ತೆರೆದು ನೋಡುತ್ತೇನೆ, ಅದು ನಮ್ಮ ಸಾಫ್ಟ್‌ವೇರಿನದ್ದೇ ಅಲ್ಲ! ಹಿಂದಿನ ಆವೃತ್ತಿಗೆ ಬರೆದದ್ದನ್ನು ರಟ್ಟು ಮಾತ್ರ ಬದಲಿಸಿ ಕಳಿಸಿದ್ದರು. ಅದರಲ್ಲಿ ಹೇಳಿದ ಗುಂಡಿಗಳು ಪರದೆಯ ಮೇಲಿರಲಿಲ್ಲ, ಪರದೆಯ ಮೇಲಿದ್ದವು ಅದರಲ್ಲಿರಲಿಲ್ಲ. ಸಿ.ಡಿ.ಗೆ ನಕಲು ಮಾಡಿಟ್ಟುಕೊಳ್ಳುವ ವಿಧಾನಕ್ಕೆ ಏಳನೆಯ ಅಧ್ಯಾಯ ನೋಡಿ ಎಂದಿತ್ತು. ಪುಸ್ತಕ ಆರಕ್ಕೇ ಮುಗಿದಿತ್ತು. ಮೇಲಾಗಿ ಪರದೆಯೆಲ್ಲ ಇಂಗ್ಲಿಷು, ಪುಸ್ತಕ ಮಾತ್ರ ಅಚ್ಚ ಕನ್ನಡ. ಗುಂಡಿಗಳ ಇಂಗ್ಲಿಷ್ ಹೆಸರನ್ನು ಎಲ್ಲಿಯೂ ಕೊಡದೆ ಎಲ್ಲವನ್ನೂ ಅನುವಾದ ಮಾಡಿಟ್ಟಿದ್ದರು. ಯಾವ ಕನ್ನಡ ಯಾವ ಗುಂಡಿಯದು ಎಂದು ಓದುವವರೇ ಊಹಿಸಿಕೊಳ್ಳಬೇಕು.

ಯಲ್ಲಾಪುರದಲ್ಲಿ ಲಾರಿ ಕಚೇರಿ ಇಟ್ಟಿದ್ದ ಇಸ್ಮಾಯಿಲ್ ಸಾಹೇಬರು ನಮ್ಮ ಹಳೆಯ ಗಿರಾಕಿ. ಅವರ ಲಾರಿಗಳು ಅರಬೈಲ್ ಘಟ್ಟ ಇಳಿದು ಅಂಕೋಲೆಗೆ ಹೋಗಿಬರುತ್ತಿದ್ದವು. ಒಂದು ದಿನ ನಾನು ಹೋದಾಗ ಕನ್ನಡ ಕೈಪಿಡಿಯನ್ನು ನನ್ನ ಮುಂದೆ ಹಿಡಿದು, ಗಂಭೀರವಾಗಿಯೇ ಕೇಳಿದರು: “ಮೇಡಂ, ಮೊದಲು ಚಾಲಕವನ್ನು ಪರೀಕ್ಷಿಸಿ ಅಂತ ಬರೆದಾರೆ. ನಮ್ಮಲ್ಲಿ ಡ್ರೈವರು ನಾಲ್ಕು ಜನ ಇದ್ದಾರೆ. ಯಾರನ್ನ ಪರೀಕ್ಷೆ ಮಾಡ್ಲಿ?”

ಡಿಸ್ಕ್ ಡ್ರೈವ್ ಎಂಬುದು ಅನುವಾದಕರ ಕೈಯಲ್ಲಿ ಚಾಲಕವಾಗಿತ್ತು. ನಾವಿಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಶಿರಸಿಗೆ ಬಂದು ಪ್ರಭಾಕರಣ್ಣನಿಗೆ ಹೇಳಿದರೆ ಅವರೂ ನಕ್ಕರು. ತಪ್ಪುಗಳನ್ನೆಲ್ಲ ಗುರುತು ಹಾಕಿ ಕಂಪನಿಗೆ ಕಳಿಸಿದೆ. ಅಲ್ಲಿಂದ ಉತ್ತರವಿಲ್ಲ. ನಗು ಮುಗಿದದ್ದು ಸಿದ್ದಾಪುರದಲ್ಲಿ.

ಸಿದ್ದಾಪುರದಲ್ಲಿ ಒಂದು ಸಣ್ಣ ನರ್ಸಿಂಗ್ ಹೋಮ್ ಇತ್ತು. ಡಾಕ್ಟರಮ್ಮ ಹೆರಿಗೆಯ ಕೇಸು, ಮಕ್ಕಳ ಕೇಸು ನೋಡುತ್ತಿದ್ದರು. ಕಚೇರಿಯ ಉಸ್ತುವಾರಿ ಅವರ ಮಾವನವರದು. ಅವರು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು, ಊರಿಗೆಲ್ಲ ಮಾಸ್ತರು. ಎದುರಿಗಿರುವವರ ಮಾತಿನಲ್ಲಿ ವಿಭಕ್ತಿ ತಪ್ಪಿದರೂ ಅಲ್ಲೇ ತಿದ್ದುವವರು. ಕಂಪ್ಯೂಟರಿನ ಮುಂದೆ ಕೂರುತ್ತಿದ್ದವಳು ಸರಸ್ವತಿ, ಮನ್ಮನೆಯಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುವವಳು. ಪಿ.ಯು.ಸಿ. ಮುಗಿಸಿ, ಶಿರಸಿಯಲ್ಲಿ ಕಂಪ್ಯೂಟರ್ ತರಬೇತಿ ಪಡೆದು ಸೇರಿದ್ದಳು. ಅವಳ ಮನೆಯಲ್ಲಿ ಹೆಣ್ಣುಮಕ್ಕಳು ಹೊರಗೆ ದುಡಿಯಲು ಹೋದದ್ದು ಇವಳೇ ಮೊದಲು. ಒಪ್ಪಿಸುವುದಕ್ಕೆ ಅವಳು ಪಟ್ಟ ಪಾಡನ್ನು ನನಗೆ ಹೇಳಿದ್ದಳು. ಒಂದು ಮಾತು ಬಂದರೂ ಮಾರನೆಯ ದಿನದಿಂದ ಬಸ್ಸು ಹತ್ತಲು ಬಿಡುವುದಿಲ್ಲ ಎಂಬ ಕರಾರಿನ ಮೇಲೆ ಬಿಟ್ಟಿದ್ದರಂತೆ.

ಅವಳು ತುಂಬಿದ ಮಾಹಿತಿ ಸಾಮಾನ್ಯದ್ದಲ್ಲ. ಯಾವ ಬಸುರಿಗೆ ಹಿಂದಿನ ಹೆರಿಗೆಯಲ್ಲಿ ಏನು ತೊಂದರೆಯಾಗಿತ್ತು, ಯಾರ ರಕ್ತದ ಗುಂಪು ಯಾವುದು, ಯಾವ ಮಗುವಿಗೆ ಯಾವ ಔಷಧ ಆಗಿಬರುವುದಿಲ್ಲ, ಎಲ್ಲವೂ ಅದರಲ್ಲಿತ್ತು. ಕಂಪ್ಯೂಟರ್ ಬಂದ ಮೇಲೆ ಹೊಸ ರೋಗಿಗಳಿಗೆ ಕಾಗದದ ದಾಖಲೆ ಇಡುವುದನ್ನೇ ಬಿಟ್ಟಿದ್ದರು. ಬ್ಯಾಕಪ್ಪನ್ನು ಸರಸ್ವತಿ ನಿಷ್ಠೆಯಿಂದ ಮಾಡುತ್ತಿದ್ದಳು. ಅದೇ ಯಂತ್ರದಲ್ಲಿ ನಾನು ಹಾಕಿಕೊಟ್ಟಿದ್ದ ಎರಡನೆಯ ಡಿಸ್ಕಿನಲ್ಲಿ ಅದು ಕೂರುತ್ತಿತ್ತು. ಸಿ.ಡಿ.ಗೆ ಮಾತ್ರ ಹೋಗಿರಲಿಲ್ಲ. ಇಲ್ಲದ ಏಳನೆಯ ಅಧ್ಯಾಯವನ್ನು ಅವಳಾದರೂ ಎಲ್ಲಿಂದ ಓದಬೇಕು?

ಮೇ ತಿಂಗಳ ಒಂದು ಸಂಜೆ ಸಿದ್ದಾಪುರದಲ್ಲಿ ಸಿಡಿಲು ಬಡಿಯಿತು. ನರ್ಸಿಂಗ್ ಹೋಮಿನ ಮೋಡೆಮ್, ಮದರ್‌ಬೋರ್ಡ್, ಮೊದಲನೆಯ ಡಿಸ್ಕ್ ಸುಟ್ಟವು. ಪುಣ್ಯಕ್ಕೆ ಎರಡನೆಯ ಡಿಸ್ಕ್ ಉಳಿಯಿತು. ಯಂತ್ರ ಶಿರಸಿಗೆ ಬಂತು. ಸುಟ್ಟದ್ದನ್ನೆಲ್ಲ ಬದಲಿಸಿ, ಸಾಫ್ಟ್‌ವೇರ್ ಹಾಕಿ, ಪರೀಕ್ಷಿಸಿ ವಾಪಸು ಕಳಿಸಿದೆ. ಯಲ್ಲಾಪುರದ ಕೆಲಸ ಮುಗಿಸಿ ನಾಡಿದ್ದು ಬಂದು ರಿಸ್ಟೋರ್ ಮಾಡಿಕೊಡುತ್ತೇನೆ, ಅಲ್ಲಿಯವರೆಗೆ ಹಾಗೇ ಇರಲಿ ಎಂದು ಹೇಳಿಯೂ ಕಳಿಸಿದೆ. ಮಾಸ್ತರಿಗೆ ಅಷ್ಟು ಪುರುಸೊತ್ತಿರಲಿಲ್ಲ. ರೋಗಿಗಳು ಬರುತ್ತಿದ್ದರು, ಡಾಕ್ಟರಮ್ಮ ಹಳೆಯ ವಿವರ ಕೇಳುತ್ತಿದ್ದರು. ಪುಸ್ತಕ ಕನ್ನಡದಲ್ಲೇ ಇದೆಯಲ್ಲ, ನೋಡಿಕೊಂಡು ಮಾಡು ಎಂದು ಸರಸ್ವತಿಗೆ ಹೇಳಿದರು. ನಮ್ಮನ್ನು ಕೇಳೋಣವೆಂದರೆ ಅವರ ಫೋನು ಸಿಡಿಲಿಗೆ ಸತ್ತು ಮಲಗಿತ್ತು. ಅವಳು ಮಾಡಿದಳು.

ನಾನು ಯಲ್ಲಾಪುರದಲ್ಲಿ ಇಸ್ಮಾಯಿಲ್ ಸಾಹೇಬರ ಕಚೇರಿಯಲ್ಲಿದ್ದಾಗ ಪ್ರಭಾಕರಣ್ಣನ ಫೋನ್ ಬಂತು. ಮಾಸ್ತರು ಟೆಲಿಫೋನ್ ಬೂತಿನಿಂದ ಮಾತಾಡಿದ್ದರಂತೆ. ಬ್ಯಾಕಪ್ಪೂ ಹೋಯಿತು, ಹುಡುಗಿ ಎಲ್ಲ ಅಳಿಸಿಹಾಕಿದ್ದಾಳೆ ಎಂದರಂತೆ. ಅವರು ಮತ್ತೆ ಫೋನ್ ಮಾಡಿದರೆ ಒಂದೇ ಮಾತು ಹೇಳಿ ಎಂದೆ: ಯಂತ್ರ ಆರಿಸಿಬಿಡಿ, ನಾನು ಬರುವವರೆಗೆ ಯಾರೂ ಮುಟ್ಟಬೇಡಿ. ಕಂಪ್ಯೂಟರಿನಲ್ಲಿ ಅಳಿಸಿದ್ದು ತಕ್ಷಣ ಅಳಿಯುವುದಿಲ್ಲ. ಆ ಜಾಗ ಖಾಲಿಯಿದೆ ಎಂಬ ಗುರುತು ಬೀಳುತ್ತದೆ, ಅಷ್ಟೆ. ಅದರ ಮೇಲೆ ಬೇರೇನಾದರೂ ಬರೆದರೆ ಮಾತ್ರ ಹೋದದ್ದು ಹೋದಂತೆ. ಪ್ರಭಾಕರಣ್ಣ ಆ ಮಾತು ಮುಟ್ಟಿಸಿದರು, ಮಾಸ್ತರು ಅದನ್ನು ಪಾಲಿಸಿದರು. ಆ ಒಂದು ಉಪಕಾರಕ್ಕೆ ನಾನು ಅವರಿಗೆ ಯಾವತ್ತೂ ಋಣಿ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಸಿದ್ದಾಪುರಕ್ಕೆ ಹೋದೆ. ಸರಸ್ವತಿ ಔಷಧದ ಕೋಣೆಯಲ್ಲಿ ಮೂಲೆಯ ಸ್ಟೂಲಿನ ಮೇಲೆ ಕೂತಿದ್ದಳು. ಅತ್ತು ಅತ್ತು ಮುಖ ಊದಿತ್ತು. ಮಾಸ್ತರು ಹೊರಗೇ ನನ್ನನ್ನು ತಡೆದು, ಈ ತಿಂಗಳಿಗೆ ಇವಳ ಕೆಲಸ ಮುಗಿಯಿತು, ಕನ್ನಡ ಓದಿದರೆ ಅರ್ಥವಾಗದವರನ್ನು ಇಟ್ಟುಕೊಂಡು ಏನು ಮಾಡುವುದು ಎಂದರು. ಊರಿನಲ್ಲಿ ಆಗಲೇ ಮಾತು ಹಬ್ಬಿತ್ತು. ಬೇಕೆಂದೇ ಅಳಿಸಿದಳಂತೆ ಎನ್ನುವವರೆಗೆ ಹೋಗಿತ್ತು. ಸಿದ್ದಾಪುರ ಎಷ್ಟು ದೊಡ್ಡ ಊರು? ಈ ಹೆಸರು ಹೊತ್ತುಕೊಂಡು ಹೊರಗೆ ಬಿದ್ದರೆ ಇನ್ನೊಂದು ಕಚೇರಿಯ ಮೆಟ್ಟಿಲು ಅವಳಿಗೆ ಸಿಗುವುದಿಲ್ಲ. ಮನೆಯವರಂತೂ ಬಸ್ಸು ಹತ್ತಲು ಬಿಡುವುದೇ ಇಲ್ಲ.

ನಾನು ಅವಳ ಪಕ್ಕದಲ್ಲಿ ಕೂತು, ಎಂತ ಆತು ಹೇಳು ಎಂದು ಕೇಳಿದೆ. ಅವಳು ಕೈಪಿಡಿ ತೆರೆದು ಒಂದು ಸಾಲಿನ ಮೇಲೆ ಬೆರಳಿಟ್ಟು, ನಾನು ಎನ್ನುವಲ್ಲಿ ಆನು ಎನ್ನುವ ನಮ್ಮ ಕಡೆಯ ಮನೆಮಾತಿನಲ್ಲಿ ಹೇಳಿದಳು:

“ಅಕ್ಕಾ, ಆನು ಪುಸ್ತಕದಲ್ಲಿ ಇದ್ದಂಗೇ ಮಾಡಿದ್ದಿ. ತೆಗೆ ಹೇಳಿ ಇತ್ತು, ತೆಗದಿ.”

ರಿಸ್ಟೋರ್ ಅಧ್ಯಾಯದ ಮೊದಲ ಸಾಲು ಅದು: ‘ಮಾಹಿತಿಯನ್ನು ಮರಳಿ ಪಡೆಯಲು ಮೊದಲು ಹಳೆಯ ಬ್ಯಾಕಪ್ ತೆಗೆಯಿರಿ.’ ಅದರ ಕೆಳಗೆ: ‘ಪ್ರಶ್ನೆ ಬಂದರೆ ಹೌದು ಎಂದು ಒತ್ತಿರಿ.’

ಅದನ್ನು ಓದುತ್ತಿದ್ದಂತೆ ನನಗೆ ಎಲ್ಲ ಹೊಳೆಯಿತು. ನಾವು ಬಾಗಿಲು ತೆಗೆಯುತ್ತೇವೆ, ಫೋಟೋ ತೆಗೆಯುತ್ತೇವೆ, ಅನ್ನದಲ್ಲಿ ಕಲ್ಲು ಸಿಕ್ಕಿದರೂ ತೆಗೆಯುತ್ತೇವೆ. ಒಂದು ಕಡೆ ಅದು ತೆರೆಯುವುದು, ಇನ್ನೊಂದು ಕಡೆ ಮಾಡಿಕೊಳ್ಳುವುದು, ಮತ್ತೊಂದು ಕಡೆ ಕಿತ್ತು ಬಿಸಾಡುವುದು. ಅನುವಾದಕರು ಬರೆದದ್ದು ಬಾಗಿಲು ತೆಗೆಯುವ ಅರ್ಥದಲ್ಲಿ, ಹಳೆಯ ಬ್ಯಾಕಪ್ ತೆರೆಯಿರಿ ಎಂದು. ಹಿಂದಿನ ಆವೃತ್ತಿಯಲ್ಲಿ ‘ಓಪನ್’ ಎಂಬ ಗುಂಡಿ ಇತ್ತು. ನಮ್ಮದರಲ್ಲಿ ಅದರ ಹೆಸರು ‘ಕ್ಯಾಟಲಾಗ್’ ಆಗಿತ್ತು. ಇಡೀ ಪರದೆಯ ಮೇಲೆ ತೆಗೆಯುವುದು ಎಂಬ ಮಾತಿಗೆ ಹತ್ತಿರ ಬರುವ ಗುಂಡಿ ಒಂದೇ, ‘ರಿಮೂವ್’. ಅವಳು ಅದನ್ನು ಒತ್ತಿದಳು. ನಿಜವಾಗಿಯೂ ತೆಗೆಯಬೇಕೇ ಎಂದು ಕಂಪ್ಯೂಟರ್ ಕೇಳಿತು. ಪುಸ್ತಕ ಹೇಳಿಕೊಟ್ಟಂತೆ ಹೌದು ಎಂದಳು. ಇದರಲ್ಲಿ ಅವಳ ತಪ್ಪು ಎಳ್ಳಷ್ಟಾದರೂ ಎಲ್ಲಿದೆ?

ಸಿಟ್ಟಿನಿಂದ ನನ್ನ ಕಿವಿ ಬಿಸಿಯಾಯಿತು. ಆದರೆ ಮಾಹಿತಿ ವಾಪಸು ಬರದೆ ಪದದ ಅರ್ಥ ಹೇಳುತ್ತ ಕೂತರೆ ಯಾರು ಕೇಳುತ್ತಾರೆ? ನಾನು ಬರುವವರೆಗೆ ಅವಳನ್ನು ಕಳಿಸಬೇಡಿ ಎಂದು ಡಾಕ್ಟರಮ್ಮನಿಂದ ಮಾತು ತೆಗೆದುಕೊಂಡು, ಎರಡನೆಯ ಡಿಸ್ಕನ್ನು ಬಿಚ್ಚಿ, ಟವೆಲ್ಲಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಶಿರಸಿಯ ಬಸ್ಸು ಹತ್ತಿದೆ. ಪಕ್ಕದ ಹೆಂಗಸು ಮಗು ಮಲಗಿದೆಯಾ ಎಂದು ಕೇಳಿದಳು. ನಾನು ಹೌದು ಎಂದೆ.

ನನ್ನ ಕೆಲಸದಲ್ಲಿ ನಾನು ಯಾವತ್ತೂ ಮುರಿಯದ ನಿಯಮ ಒಂದಿದೆ. ಮೂಲದ ಮೇಲೆ ಪ್ರಯೋಗ ಮಾಡುವುದಿಲ್ಲ. ಮೊದಲು ಆ ಡಿಸ್ಕಿನ ಪಡಿಯಚ್ಚನ್ನು ಅಷ್ಟೇ ದೊಡ್ಡ ಇನ್ನೊಂದು ಡಿಸ್ಕಿಗೆ ಇಳಿಸಿದೆ. ಖಾಲಿ ಎಂದು ಗುರುತಾದ ಜಾಗವನ್ನೂ ಬಿಡಲಿಲ್ಲ. ಪ್ರಭಾಕರಣ್ಣ ಮಾರಾಟಕ್ಕೆ ತಂದಿಟ್ಟಿದ್ದ ಹೊಸ ಡಿಸ್ಕಿನ ಪೊಟ್ಟಣವನ್ನು ಅದಕ್ಕಾಗಿ ಕೇಳದೆಯೇ ಒಡೆದೆ. ಅವರು ಕತ್ತು ನೀವಿಕೊಂಡರು. ಆಮೇಲೆ ಅಳಿಸಿದ ಫೈಲುಗಳನ್ನು ಎತ್ತುವ ಸಾಧನ ಹಾಕಿ ನೋಡಿದರೆ ಬ್ಯಾಕಪ್ಪಿನ ದೊಡ್ಡ ಫೈಲುಗಳು ಇದ್ದಲ್ಲಿಯೇ ಇದ್ದವು, ಒಂದೂ ಮುಕ್ಕಾಗಿರಲಿಲ್ಲ. ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಆದರೆ ಅವುಗಳೊಳಗೆ ಏನು ಎಲ್ಲಿದೆ ಎಂದು ಹೇಳುವ ಪರಿವಿಡಿಯ ಫೈಲು ಮಾತ್ರ ಹಾಳಾಗಿತ್ತು. ಅದಿಲ್ಲದೆ ಸಾಫ್ಟ್‌ವೇರ್ ಬ್ಯಾಕಪ್ಪನ್ನು ಗುರುತೇ ಹಿಡಿಯುವುದಿಲ್ಲ. ಪರಿವಿಡಿಯನ್ನು ಹೊಸದಾಗಿ ಕಟ್ಟುವ ಒಂದು ಕಮ್ಯಾಂಡ್ ಇಂಗ್ಲಿಷ್ ಕೈಪಿಡಿಯ ಕೊನೆಯ ಅನುಬಂಧದಲ್ಲಿ, ಅಂದರೆ ಅಪೆಂಡಿಕ್ಸಿನಲ್ಲಿತ್ತು. ಎಲ್ಲಿಂದ ಓದಬೇಕು ಎಂಬುದನ್ನು ಮೊದಲು, ಎಲ್ಲಿಗೆ ಬರೆಯಬೇಕು ಎಂಬುದನ್ನು ಆಮೇಲೆ ಕೊಡಿ ಎಂದಿತ್ತು.

ಹಾಗೆಯೇ ಕೊಟ್ಟೆ. ಕಣ್ಣು ಮಿಟುಕಿಸುವುದರೊಳಗೆ ಕೆಲಸ ಮುಗಿಯಿತೆಂದು ಪರದೆ ಹೇಳಿತು. ಇಷ್ಟು ಬೇಗ ಮುಗಿದರೆ ಅದು ಶುಭವಲ್ಲ. ನೋಡಿದರೆ ಬ್ಯಾಕಪ್ಪಿನ ಫೈಲು ಪೂರ್ತಿ ಬರಿದಾಗಿತ್ತು. ಪಡಿಯಚ್ಚಿನ ಮೇಲೆ ಮಾಡಿರದಿದ್ದರೆ ಅಲ್ಲಿಗೆ ಕಥೆ ಮುಗಿಯುತ್ತಿತ್ತು.

ಕಂಪನಿಗೆ ಫೋನ್ ಮಾಡಿದೆ. ಎತ್ತಿದ ಇಂಜಿನಿಯರ್ ನಾನು ಹೇಳಿದ್ದನ್ನೆಲ್ಲ ಕೇಳಿ, ಅಪೆಂಡಿಕ್ಸ್ ನೋಡಿ ಮೇಡಂ ಎಂದ.

“ಅಪೆಂಡಿಕ್ಸಿನಿಂದಲೇ ಹೊಟ್ಟೆನೋವು ಬಂದದ್ದು ಮಾರಾಯ, ಅದನ್ನೇ ಮತ್ತೆ ಯಾಕೆ ನೋಡಲಿ?” ಎಂದೆ.

ಅವನಿಗೆ ನಗು ಬಂತೋ ಇಲ್ಲವೋ ಗೊತ್ತಿಲ್ಲ. ವಿಚಾರಿಸಿ ಹೇಳುತ್ತೇನೆ ಎಂದು ಇಟ್ಟ. ಅವನ ವಿಚಾರಣೆ ಇವತ್ತಿಗೂ ಮುಗಿದಿಲ್ಲ.

ಕೂತು ಯೋಚಿಸಿದೆ. ಇಂಗ್ಲಿಷಿನದೂ ಹಿಂದಿನ ಆವೃತ್ತಿಯ ಪುಸ್ತಕವೇ ಇರಬೇಕು. ಗುಂಡಿಗಳ ಹೆಸರು ಬದಲಾಗಿದ್ದರೆ ಕಮ್ಯಾಂಡಿನ ಕ್ರಮ ಬದಲಾಗಿರಬಾರದೇಕೆ? ಫೈಲು ಬರಿದಾದ ರೀತಿಯೇ ಅದನ್ನು ಹೇಳುತ್ತಿತ್ತು. ಓದು ಎಂದು ನಾನು ತೋರಿಸಿದ ಜಾಗಕ್ಕೆ ಅದು ಬರೆದಿತ್ತು. ಅಂದರೆ ಹೊಸ ಆವೃತ್ತಿಯಲ್ಲಿ ಎಲ್ಲಿಗೆ ಎಂಬುದು ಮೊದಲು, ಎಲ್ಲಿಂದ ಎಂಬುದು ಆಮೇಲೆ. ಪುಸ್ತಕ ಹೇಳಿದ್ದು ಸರಿಯಾಗಿ ಉಲ್ಟಾ. ಮತ್ತೊಂದು ಪಡಿಯಚ್ಚು ಇಳಿಸಿ ಹಿಂದುಮುಂದಾಗಿ ಕೊಟ್ಟೆ. ಈ ಸಲ ಡಿಸ್ಕ್ ಕರಕರ ಎನ್ನುತ್ತ ಕೆಲಸ ಮಾಡತೊಡಗಿತು. ನಾನು ಊಟಕ್ಕೂ ಏಳಲಿಲ್ಲ. ಪರಿವಿಡಿ ಕಟ್ಟಿ ಮುಗಿದು, ಪರದೆಯ ಮೇಲೆ ಸಿದ್ದಾಪುರದ ಹೆಸರುಗಳು ಸಾಲುಸಾಲಾಗಿ ಬಂದಾಗ ನಾನು ಜೋರಾಗಿ ಚಪ್ಪಾಳೆ ಹೊಡೆದುಬಿಟ್ಟೆ. ಅಂಗಡಿಯಲ್ಲಿದ್ದ ಗಿರಾಕಿಗಳು ತಿರುಗಿ ನೋಡಿದರು. ನೋಡಲಿ ಬಿಡಿ. ಇಷ್ಟು ವರ್ಷದ ಕೆಲಸದಲ್ಲಿ ನನ್ನ ಮೇಲೆ ನನಗೇ ಅಷ್ಟು ಅಭಿಮಾನ ಬಂದದ್ದು ಬೇರೆ ದಿನವಿಲ್ಲ.

ಮರುದಿನ ಡಿಸ್ಕನ್ನೂ, ಅಂಗಡಿಯ ಇನ್ನೊಂದು ಹಳೆಯ ಕಂಪ್ಯೂಟರನ್ನೂ ಕಟ್ಟಿಸಿಕೊಂಡು ಸಿದ್ದಾಪುರಕ್ಕೆ ಹೋದೆ. ಈ ಸಲ ಪ್ರಭಾಕರಣ್ಣ ತಮ್ಮ ಕಾರಿನಲ್ಲೇ ಕರೆದುಕೊಂಡು ಹೋದರು. ಮಾಹಿತಿ ಎಲ್ಲ ಬಂತು. ಕೊನೆಯ ಬ್ಯಾಕಪ್ ಆದ ಮೇಲೆ ಸಿಡಿಲು ಬೀಳುವವರೆಗಿನದು ಮಾತ್ರ ಇರಲಿಲ್ಲ, ಅದನ್ನು ಔಷಧದ ಚೀಟಿಗಳನ್ನು ನೋಡಿ ತುಂಬಬಹುದಿತ್ತು. ಡಾಕ್ಟರಮ್ಮ ನನ್ನ ಎರಡೂ ಕೈ ಹಿಡಿದುಕೊಂಡರು. ಮಾಸ್ತರೂ ಹೊಗಳಿದರು. ಆದರೆ ಸರಸ್ವತಿಯ ವಿಷಯ ಬಂದಾಗ, ಮಾಹಿತಿ ಬಂದದ್ದು ನಿಮ್ಮ ಸಾಮರ್ಥ್ಯದಿಂದ, ಅವಳ ಅಜಾಗರೂಕತೆ ಅದರಿಂದ ಇಲ್ಲದಾಗುವುದಿಲ್ಲ ಎಂದರು. ವಾಕ್ಯ ಎಷ್ಟು ಶುದ್ಧವಾಗಿತ್ತೆಂದರೆ ಎದುರು ಮಾತಾಡಲು ಸಂದಿಯೇ ಇರಲಿಲ್ಲ.

ವಾದ ಮಾಡುವ ಬದಲು ನಾನು ತಂದ ಹಳೆಯ ಕಂಪ್ಯೂಟರನ್ನು ಮೇಜಿನ ಮೇಲಿಟ್ಟು ಚಾಲೂ ಮಾಡಿದೆ. ಅದರಲ್ಲಿ ಅದೇ ಸಾಫ್ಟ್‌ವೇರು, ಅದೇ ಬ್ಯಾಕಪ್ಪಿನ ನಕಲು ಇತ್ತು. ಕನ್ನಡ ಕೈಪಿಡಿಯನ್ನು ಮಾಸ್ತರ ಕೈಗೆ ಕೊಟ್ಟೆ. ನಿಮ್ಮಷ್ಟು ಕನ್ನಡ ಬಲ್ಲವರು ಈ ತಾಲೂಕಿನಲ್ಲಿ ಇಲ್ಲ, ಪುಸ್ತಕದಲ್ಲಿ ಹೇಗಿದೆಯೋ ಹಾಗೆ ನೀವೇ ಒಮ್ಮೆ ರಿಸ್ಟೋರ್ ಮಾಡಿ ತೋರಿಸಿ, ನಾನು ಬಾಯಿ ಬಿಡುವುದಿಲ್ಲ ಎಂದೆ. ಡಾಕ್ಟರಮ್ಮ ಬಾಗಿಲಲ್ಲಿ ನಿಂತರು. ಸರಸ್ವತಿ ಗೋಡೆಗೆ ಒರಗಿ ನಿಂತಳು. ಅವಳ ಕೈ ಸೀರೆಯ ಸೆರಗನ್ನು ಸುತ್ತುತ್ತಲೇ ಇತ್ತು.

ಮಾಸ್ತರು ಕನ್ನಡಕ ಸರಿಪಡಿಸಿಕೊಂಡು, ತರಗತಿಯಲ್ಲಿ ಪಾಠ ಓದುವಂತೆ ಗಟ್ಟಿಯಾಗಿ ಓದಿದರು. ಹಳೆಯ ಬ್ಯಾಕಪ್ ತೆಗೆಯಿರಿ. ಪರದೆಯ ಮೇಲೆ ಒಂದೊಂದೇ ಗುಂಡಿಯನ್ನು ನೋಡುತ್ತ ಬಂದರು. ಕ್ಯಾಟಲಾಗನ್ನು ದಾಟಿದರು. ರಿಮೂವ್ ಹತ್ತಿರ ಬಂದು ನಿಂತರು. ಒತ್ತಿದರು. ಪ್ರಶ್ನೆ ಬಂತು. ಪುಸ್ತಕವನ್ನು ಇನ್ನೊಮ್ಮೆ ನೋಡಿ, ಹೌದು ಎಂಬುದನ್ನೂ ಒತ್ತಿದರು. ಯಾವುದೇ ಬ್ಯಾಕಪ್ ಇಲ್ಲ ಎಂದು ಪರದೆ ಇಂಗ್ಲಿಷಿನಲ್ಲಿ ಹೇಳಿತು.

ಮಾಸ್ತರು ಆ ಸಾಲಿಗೆ ಮರಳಿ ಹೋಗಿ, ಈ ಸಲ ಮನಸ್ಸಿನಲ್ಲೇ ಓದಿದರು. ಬಾಗಿಲು ತೆಗೆ ಎಂದು ತಾವೇ ಒಮ್ಮೆ ಗೊಣಗಿದರು. ಅಷ್ಟು ವರ್ಷ ಮಕ್ಕಳಿಗೆ ಪದಗಳ ಅರ್ಥ ಹೇಳಿಕೊಟ್ಟ ಮನುಷ್ಯ ಆತ, ನಾನು ವಿವರಿಸಬೇಕಾಗಲಿಲ್ಲ. ಪುಸ್ತಕ ಮುಚ್ಚಿ ಎದ್ದರು. ಅವರು ಗ್ರಂಥದ ಕನ್ನಡ ಬಿಟ್ಟು ಬೇರೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅವತ್ತು ಸರಸ್ವತಿಯ ಕಡೆ ತಿರುಗಿ ಮನೆಮಾತಿನಲ್ಲೇ ಹೇಳಿದರು:

“ತಂಗಿ, ಆನೂ ಅದನ್ನೇ ಒತ್ತಿದ್ದಿ. ತಪ್ಪು ನಿಂದಲ್ಲ. ಆನು ಆಡಿದ ಮಾತು ಮನಸ್ಸಲ್ಲಿ ಇಟ್ಕಳಡ.”

ಸರಸ್ವತಿ ಅತ್ತಳು. ಹಿಂದಿನ ದಿನದ ಅಳುವಿಗೂ ಇದಕ್ಕೂ ಎಷ್ಟೋ ವ್ಯತ್ಯಾಸವಿತ್ತು. ಸುಳ್ಳು ಹೇಳುವುದಿಲ್ಲ, ನನ್ನ ಕಣ್ಣೂ ಒದ್ದೆಯಾಯಿತು. ಮಾಸ್ತರು ಅಲ್ಲಿಗೆ ಬಿಡಲಿಲ್ಲ. ಅದೇ ಸಂಜೆ ಅವಳ ಜೊತೆಗೆ ಬಸ್ಸು ಹತ್ತಿ ಮನ್ಮನೆಗೆ ಹೋಗಿ, ಅವಳ ಮನೆಯ ಜಗುಲಿಯಲ್ಲಿ ಕೂತು, ತಪ್ಪು ಯಾರದೆಂದು ಹಿರಿಯರ ಮುಂದೆ ಹೇಳಿ ಚಹಾ ಕುಡಿದು ಬಂದರಂತೆ. ದೊಡ್ಡ ಮನುಷ್ಯ.

ಅದಾದ ಮೇಲೆ ನಾನು ಕನ್ನಡ ಕೈಪಿಡಿಯನ್ನು ಬುಡದಿಂದ ಹೊಸದಾಗಿ ಬರೆಯಲು ಕೂತೆ. ಯಾರೂ ಹೇಳಿರಲಿಲ್ಲ, ಕಂಪನಿಯಂತೂ ಕೇಳಿಯೇ ಇರಲಿಲ್ಲ. ತೆಗೆ ಎಂಬ ಪದಕ್ಕೆ ನನ್ನ ಪುಸ್ತಕದಲ್ಲಿ ಪ್ರವೇಶವಿರಲಿಲ್ಲ. ತೆರೆಯುವಲ್ಲಿ ತೆರೆಯಿರಿ, ಅಳಿಸುವಲ್ಲಿ ಅಳಿಸಿರಿ, ಬ್ಯಾಕಪ್ಪನ್ನು ಮಾಡಿರಿ. ಗುಂಡಿಗಳ ಹೆಸರನ್ನು ಪರದೆಯ ಮೇಲಿದ್ದಂತೆಯೇ ಕನ್ನಡ ಅಕ್ಷರದಲ್ಲಿ ಇಟ್ಟೆ. ಬರೆದದ್ದು ಸರಿಯಾಗಿದೆಯೇ ಎಂದು ನೋಡಲು ಒಂದೇ ದಾರಿ ಇಟ್ಟುಕೊಂಡೆ. ಪುಸ್ತಕ ಸರಸ್ವತಿಯ ಕೈಗೆ, ಬರಿದಾದ ಕಂಪ್ಯೂಟರ್ ಅವಳ ಮುಂದೆ, ನಾನು ಹಿಂದಿನ ಕುರ್ಚಿಯಲ್ಲಿ ಬಾಯಿಗೆ ಬೀಗ ಹಾಕಿಕೊಂಡು. ನನ್ನಂಥವಳಿಗೆ ಇದು ಎಂಥ ಶಿಕ್ಷೆ ಎಂದು ಬಲ್ಲವರೇ ಬಲ್ಲರು. ಅವಳು ಎಲ್ಲಿ ತಡೆದು ನಿಂತಳೋ ಅಲ್ಲಿ ಅವಳಿಗೆ ಹೇಳಿಕೊಡುತ್ತಿರಲಿಲ್ಲ, ನನ್ನ ವಾಕ್ಯವನ್ನು ಹೊಡೆದುಹಾಕುತ್ತಿದ್ದೆ. ಮೊದಲ ಕರಡಿನಲ್ಲಿ ಉಳಿದ ವಾಕ್ಯಗಳು ಬೆರಳೆಣಿಕೆಯಷ್ಟು. ಮೊದಮೊದಲು ಸಂಕೋಚದಿಂದ ಕೂರುತ್ತಿದ್ದವಳು, ಬರಬರುತ್ತ ಕುರ್ಚಿ ಹಿಂದಕ್ಕೆ ತಳ್ಳಿ, “ಅಕ್ಕಾ, ಇದು ಎಂಗೆ ತಿಳಿತಿಲ್ಲೆ, ಬೇರೆ ಬರಿ” ಎಂದು ಆಜ್ಞೆ ಮಾಡುವಷ್ಟಾದಳು. ಮಾಸ್ತರು ವ್ಯಾಕರಣ ತಿದ್ದಿದರು. ಎರಡು ಕಡೆ ಅವರ ತಿದ್ದುಪಡಿಯಿಂದ ಅರ್ಥ ಕೆಟ್ಟಿತು ಎಂದು ಸರಸ್ವತಿ ಹೇಳಿದಾಗ ಅಲ್ಲೇ ಹಿಂತೆಗೆದುಕೊಂಡರು.

ಆ ಕೈಪಿಡಿಯನ್ನು ಶಿರಸಿಯಲ್ಲೇ ಅಚ್ಚು ಹಾಕಿಸಿ ಮೂರೂ ತಾಲೂಕಿಗೆ ಹಂಚಿದೆವು. ಇಸ್ಮಾಯಿಲ್ ಸಾಹೇಬರು ನಮ್ಮ ಸಹಾಯವಿಲ್ಲದೆ ಒಮ್ಮೆ ಪೂರ್ತಿ ರಿಸ್ಟೋರ್ ಮಾಡಿ, ಚಾಲಕರನ್ನು ಯಾರನ್ನೂ ಪರೀಕ್ಷೆ ಮಾಡದೆ ಕೆಲಸ ಆಯ್ತು ಮೇಡಂ ಎಂದು ಫೋನಿನಲ್ಲಿ ಹೇಳಿದರು. ಮರುವರ್ಷ ಕಂಪನಿಯವರೇ ಬಂದು, ನಿಮ್ಮ ಪುಸ್ತಕವನ್ನೇ ನಾವು ಎಲ್ಲ ಕಡೆ ಕೊಡುತ್ತೇವೆ ಎಂದರು. ಧಾರಾಳವಾಗಿ ಕೊಡಿ, ಆದರೆ ಹೊಸ ಆವೃತ್ತಿ ಬಂದಾಗಲೆಲ್ಲ ಮೊದಲು ಸಿದ್ದಾಪುರಕ್ಕೆ ಕಳಿಸಬೇಕು, ಅಲ್ಲಿ ಸರಸ್ವತಿ ಪುಸ್ತಕ ಹಿಡಿದು ರಿಸ್ಟೋರ್ ಮಾಡಿದ ಮೇಲೆಯೇ ಅಚ್ಚಿಗೆ ಹೋಗಬೇಕು ಎಂದೆ. ಒಪ್ಪಿದರು. ಅವರೂ ಕಲಿತಿದ್ದರು ಅನ್ನಿ.

ನಮ್ಮಲ್ಲಿಯೂ ಅದೇ ಪದ್ಧತಿಯಾಯಿತು. ಏನೇ ಬರೆದರೂ ಹೊರಗೆ ಹೋಗುವ ಮೊದಲು ಪ್ರಭಾಕರಣ್ಣ ‘ಸರಸ್ವತಿ ಆಯ್ತಾ?’ ಎಂದು ಕೇಳುತ್ತಿದ್ದರು. ಸರಸ್ವತಿ ಮುಂದೆ ಆ ನರ್ಸಿಂಗ್ ಹೋಮಿನ ಕಚೇರಿಯನ್ನು ಒಬ್ಬಳೇ ನಡೆಸುವಷ್ಟು ಬೆಳೆದಳು, ಅವಳಿಗೆ ನಮ್ಮ ಪುಸ್ತಕಗಳಿಗೆ ಬಿಡುವಿಲ್ಲದಾಯಿತು. ಆಮೇಲೆ ಆ ಕುರ್ಚಿಯಲ್ಲಿ ಬೇರೆ ಬೇರೆಯವರನ್ನು ಕೂರಿಸಿದೆವು. ಮಾತು ಮಾತ್ರ ಹಾಗೆಯೇ ಉಳಿಯಿತು. ನಾನು ನಿವೃತ್ತಳಾಗುವ ಮೊದಲು ಹಾವೇರಿ ಕಡೆಯ ಒಬ್ಬಳು ಇಂಜಿನಿಯರ್ ನಮ್ಮಲ್ಲಿಗೆ ಹೊಸದಾಗಿ ಸೇರಿದ್ದಳು. ಒಂದು ದಿನ ನನ್ನ ಮೇಜಿನ ಹತ್ತಿರ ಬಂದು ಅನುಮಾನಿಸುತ್ತ ಕೇಳಿದಳು:

“ಮೇಡಂ, ಪುಸ್ತಕ ಹೊರಗ ಕಳಸೂದಕ್ಕ ಮೊದ್ಲ ಸರಸ್ವತಿ ಆಗಬೇಕು ಅಂದಾರ್ರಿ. ಪೂಜಿಗೆ ಹೂವು ಎಲ್ಲಿಂದ ತರಬೇಕ್ರಿ?”

ನಾನು ನಕ್ಕು, ಕೂರಿಸಿಕೊಂಡು, ಇಲ್ಲಿ ಬರೆದದ್ದನ್ನೆಲ್ಲ ಅವಳಿಗೆ ಹೇಳಿದೆ. ಪುಸ್ತಕ ನೋಡಿ ಮಾಡಿದವರ ಕೈ ತಪ್ಪಿತೆಂದರೆ ತಿದ್ದಬೇಕಾದದ್ದು ಕೈಯನ್ನಲ್ಲ, ಪುಸ್ತಕವನ್ನು. ನನ್ನ ವೃತ್ತಿ ನನಗೆ ಕಲಿಸಿದ್ದು ಇಷ್ಟೇ ಎಂದೂ ಹೇಳಿದೆ. ಅವಳು, ಆ ಸರಸ್ವತಿ ಈಗ ಎಲ್ಲಿದ್ದಾರೆ, ಒಮ್ಮೆ ನೋಡಬಹುದೇ ಎಂದು ಕೇಳಿದಳು. ಸಿದ್ದಾಪುರಕ್ಕೆ ಫೋನ್ ಹಚ್ಚಿ ಕೊಟ್ಟೆ. ಒಂದು ಕಾಲದಲ್ಲಿ ಸಿದ್ದಾಪುರದಲ್ಲಿ ಯಾವ ಹೆಸರು ಕೆಟ್ಟೇ ಹೋಯಿತು ಎಂದಿದ್ದರೋ, ಆ ಹೆಸರನ್ನು ಈ ಹುಡುಗಿ ಗೌರವದಿಂದ ‘ಸರಸ್ವತಿ ಮೇಡಂ ಅವರಾ?’ ಎಂದು ಕೇಳುವುದನ್ನು ನಾನು ಎದುರಿಗೇ ಕೂತು ಕೇಳಿದೆ.